ನಾಲ್ಕು ಗಂಟೆಯ ಕಷಾಯ

ಸಾಗರಕ್ಕೆ ಬಂದ ಎರಡನೆಯ ವಾರ. ಹಾಲು ತರಲು ಹೊರಟಿದ್ದೆ. ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದದ್ದು ನನಗೆ ತಿಳಿಯಲೇ ಇಲ್ಲ.

"ತಂಗೀ, ಚಪ್ಪಲಿ ಇಲ್ಲಿದ್ದು!" ಪಕ್ಕದ ಮನೆಯಿಂದ ಒಬ್ಬರು ಕೂಗಿದರು.

‘ಇದ್ದು’ ಎಂದರೆ ಇಲ್ಲಿಯವರಿಗೆ ‘ಇದೆ’ ಎಂದರ್ಥ, ಅದನ್ನು ಆಮೇಲೆ ಕಲಿತೆ. ಆಗ ಕಾಲು ನೋಡಿಕೊಂಡೆ. ಜಲ್ಲಿಕಲ್ಲು ತಾಗಿ ರಕ್ತ ಬರುತ್ತಿತ್ತು. ನೋವೇ ಇರಲಿಲ್ಲ.

ನಮ್ಮೂರು ಇಂಡಿಯಲ್ಲಿದ್ದಾಗಲೇ ದಮ್ಮು ಶುರುವಾಗಿತ್ತು, ಧೂಳಿಗೆ ಅಂದುಕೊಂಡಿದ್ದೆವು. ಸರ್ವೆ ಇಲಾಖೆಯ ನಮ್ಮ ಮನೆಯವರಿಗೆ ಇಲ್ಲಿಗೆ ವರ್ಗವಾದಾಗ, ಗಾಳಿ ಬದಲಾದರೆ ವಾಸಿಯಾದೀತೆಂದು ಊರವರೆಲ್ಲ ಹರಸಿ ಕಳಿಸಿದರು. ಶಿವಮೊಗ್ಗದ ಡಾಕ್ಟರು ರಕ್ತ ನೋಡಿ ಬೇರೆಯೇ ಹೇಳಿದರು. ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಮೈಯ ಕಾವಲುಗಾರರು. ಅಪಾಯ ಬಂದಾಗ ಬೇರೆ ಕಣಗಳು ಸುದ್ದಿ ಕಳಿಸಿ ಇವನ್ನು ಕರೆಸುತ್ತವಂತೆ. ನನ್ನ ಮೈಯಲ್ಲಿ ಅಪಾಯವಿಲ್ಲದೆಯೂ ಆ ಸುದ್ದಿ ನಿಲ್ಲುತ್ತಿಲ್ಲ. ಬಂದ ಕಾವಲುಗಾರರು ಕಾಯಬೇಕಾದ ಮನೆಯನ್ನೇ ಹೊಡೆಯುತ್ತಿದ್ದಾರೆ. ಮೊದಲು ಶ್ವಾಸಕೋಶ, ಈಗ ಕಾಲಿನ ನರ. ಅಪರೂಪದ ಕಾಯಿಲೆ. ಸ್ಟೀರಾಯ್ಡ್ ಜೊತೆಗೆ, ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಇನ್ನೊಂದು ಮಾತ್ರೆ ಬರೆದರು. ಜನಸಂದಣಿಗೆ ಹೋಗಬೇಡಿ ಎಂದರು.

ಹೋಗಲು ನನಗೆ ಜನವಾದರೂ ಎಲ್ಲಿದ್ದರು? ಮನೆಯವರು ಸೋಮವಾರ ಹೊಸನಗರದ ಕಡೆ ಅಳತೆಗೆ ಹೋದರೆ ಬರುವುದು ಶನಿವಾರ. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಓಣಿಯವರು ಯಾರಾದರೂ ಇಣುಕುತ್ತಾರೆ. ಇಲ್ಲಿ ಒಬ್ಬಳಿಗೆ ಎರಡು ರೊಟ್ಟಿ. ಸದ್ದು ನನಗೇ ಜೋರಾಗಿ ಕೇಳಿಸುತ್ತಿತ್ತು.

ಚಪ್ಪಲಿ ತೋರಿಸಿದ ಸರಸಕ್ಕ ಮಾತ್ರ ದಿನಾ ನಾಲ್ಕಕ್ಕೆ ಲೋಟ ಹಿಡಿದು ಬರತೊಡಗಿದರು.

"ಅಮೃತಬಳ್ಳಿ ಕಷಾಯ. ಮೈಗೆ ಶಕ್ತಿ ಬತ್ತು, ಕುಡಿ."

‘ಬತ್ತು’ ಎಂದರೆ ‘ಬರುತ್ತದೆ’. ನಮ್ಮಲ್ಲಿ ಬಂದವರಿಗೆ ಚಾ ಹೇಗೋ, ಇಲ್ಲಿ ಕಷಾಯ ಹಾಗೆ. ಅವರದು ತೀರಾ ಕಹಿ. ಆದರೆ ಲೋಟ ಖಾಲಿಯಾಗುವವರೆಗೆ ಅವರು ಕೂತಿರುತ್ತಿದ್ದರು. ನಿಧಾನವಾಗಿ ಕುಡಿಯುತ್ತಿದ್ದೆ.

ಮೂರು ತಿಂಗಳಿಗೆ, ಜೋತುಬಿದ್ದಿದ್ದ ಎಡಪಾದ ಸ್ವಲ್ಪ ಮೇಲೇಳತೊಡಗಿತು. ಅಷ್ಟರಲ್ಲಿ ಲಿವರ್ ಪರೀಕ್ಷೆ ಕೆಟ್ಟು ಬಂತು.

"ಮಾತ್ರೆ ನಿಲ್ಲಿಸಬೇಕಾಗಬಹುದು," ಎಂದರು ಡಾಕ್ಟರು. "ಬೇರೆ ಔಷಧಿ ಏನಾದ್ರೂ ತಗೋತೀರಾ?"

"ಇಲ್ರೀ."

ಸುಳ್ಳು ಹೇಳಲಿಲ್ಲ. ಮಾತ್ರೆ ನಿಂತರೆ ಕಾಲು ಮತ್ತೆ ಜೋತುಬೀಳುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ದಿನಚರಿ ಬರೆಯುವ ನನ್ನ ವಹಿ ಕೈಯಲ್ಲಿದ್ದುದನ್ನು ಕಂಡು, ‘ಓದಿ’ ಎಂದರು. ಏಳಕ್ಕೆ ಮಾತ್ರೆ, ಎಂಟಕ್ಕೆ ಉಪ್ಪಿಟ್ಟು, ಒಂದಕ್ಕೆ ರೊಟ್ಟಿ, ನಾಲ್ಕಕ್ಕೆ ಸರಸಕ್ಕನ ಕಷಾಯ...

"ಯಾವ ಕಷಾಯ?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಅಲ್ಲಮ್ಮಾ, ನಾನು ಬೆಳಿಗ್ಗೆ ಮಾತ್ರೆ ಕೊಟ್ಟು ಮಲಗಿಸಿದ ಕಾವಲುಗಾರರನ್ನ ನೀವು ಸಂಜೆ ಕಷಾಯ ಕುಡಿದು ಎಬ್ಬಿಸ್ತಿದ್ದೀರಿ! ಕೆಲವರ ಲಿವರಿಗೂ ಅದು ಆಗಲ್ಲ. ಬಿಟ್ಟು ನೋಡೋಣ."

ಸರಸಕ್ಕನಿಗೆ ಹೇಗೆ ಹೇಳುವುದು? ಬಸ್ಸಿನಲ್ಲಿ ಬರುತ್ತಾ ಹತ್ತು ರೀತಿ ಯೋಚಿಸಿದೆ. ಕೊನೆಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

"ಹಂಗಾರೆ ಆನು ಇಷ್ಟ್ ದಿನ ವಿಷ ಕೊಟ್ನ?" ಎಂದರು. ಲೋಟ ತೆಗೆದುಕೊಂಡು ಹೋದರು. ಮರುದಿನ ಬರಲಿಲ್ಲ.

ವಹಿಯಲ್ಲಿ ನಾಲ್ಕರ ಎದುರು ಬರೆಯಲು ಏನೂ ಇರಲಿಲ್ಲ. ಹಾಗೆ ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಲಿವರ್ ಪರೀಕ್ಷೆಯ ಅಂಕಿ ಇಳಿದಿದೆ, ಮಾತ್ರೆ ಮುಂದುವರಿಸಿ ಎಂಬ ಸುದ್ದಿ ಬಂತು. ಹೇಳಲು ಯಾರೂ ಇಲ್ಲದೆ ಗೋಡೆ ನೋಡಿದೆ. ಎದ್ದು ನಮ್ಮ ಕಡೆಯ ಹಾಗೆ ಗಟ್ಟಿ ಚಾ ಕುದಿಸಿ, ಲೋಟ ಹಿಡಿದು ಅವರ ಬಾಗಿಲಿಗೆ ಹೋದೆ.

ಅವರು ಲೋಟ ಮೂಸಿದರು. "ಎಂತ ಹಾಕಿದ್ದೆ?"

"ಚಾಪುಡಿ, ಸಕ್ರಿ, ಹಾಲು. ಲಿವರ್ ಇಳದೈತ್ರಿ ಅಕ್ಕಾರ. ಮಾತ್ರೆ ನಿಲ್ಸೂದಿಲ್ಲಂತ."

ಅವರು ಅರ್ಧ ಕುಡಿದು, "ಪಾಯಸ ಮಾಡಿದ್ದೆ ನೀನು," ಎಂದು ಲೋಟ ಕೆಳಗಿಟ್ಟರು. ಕೂರು ಎನ್ನಲಿಲ್ಲ. ಮೆಟ್ಟಿಲಿಳಿದು, ರೂಢಿಯಂತೆ ಎಡಗಾಲು ನೋಡಿಕೊಳ್ಳಲು ಬಗ್ಗಿದೆ.

"ಚಪ್ಪಲಿ ಇದ್ದು, ಹೋಗು," ಎಂದರು ಹಿಂದಿನಿಂದ.

ಅಂದು ಸಂಜೆ ಇಂಡಿಯಿಂದ ನನ್ನ ಅಕ್ಕ ಫೋನಿನಲ್ಲಿ, "ಊರಿಗೆ ಯಾವಾಗ ಬರ್ತಿ?" ಎಂದಳು. ಹೋಗಬೇಕೆಂದು ಜೀವ ಎಳೆಯಿತು. ಇಲ್ಲಿಯ ಹಾಗೆ ನನ್ನ ಮಾತಿಗೆ ಯಾರೂ ನಗದ ಓಣಿ ಅದು. ಆದರೆ ಅಲ್ಲಿ ನಡೆಯುವಾಗ ನನ್ನ ಎಡಗಾಲನ್ನು ಯಾರು ನೋಡುತ್ತಾರೆ ಎಂದೂ ಅನ್ನಿಸಿತು. ಅಕ್ಕನಿಗೆ ಅದನ್ನು ಹೇಳಲಿಲ್ಲ.