ಮಗಳ ಹೆಜ್ಜೆಗುರುತಿನ ಮೇಲೆ

ಮುತ್ಲಾ ಗುಡ್ಡದ ಮೇಲೆ ಬಿಳಿ ಬಿದ್ದಿದೆ ಎಂದು ವಾಟ್ಸಾಪಿನಲ್ಲಿ ವಿಡಿಯೋ ಬಂದದ್ದೇ ತಡ, ಕುವೈತಿಗೆ ಕುವೈತೇ ಕಾರು ಹತ್ತಿ ಹೊರಟಿತು. ಹಿಮವೋ ಆಲಿಕಲ್ಲೋ, ಯಾರಿಗೆ ಬೇಕು! ನನಗಂತೂ ಮನಸ್ಸಿರಲಿಲ್ಲ. ವಾರಕ್ಕೊಂದು ರಜೆ, ಮನೆಯಲ್ಲಿ ಒಗೆಯುವ ಬಟ್ಟೆಯ ರಾಶಿ. ಆದರೆ ಆರು ವರ್ಷದ ಮಗಳು ಬೂಟು ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದಳು.

ಮುತ್ಲಾವನ್ನು ನಮ್ಮ ಮಂಗಳೂರು ಕಡೆಯವರು ಗುಡ್ಡ ಎಂದು ಒಪ್ಪಲಿಕ್ಕಿಲ್ಲ. ಆದರೂ ಈ ಚಪ್ಪಟೆ ದೇಶದಲ್ಲಿ ಹತ್ತಲಿಕ್ಕೆ ಇರುವುದು ಅದೇ. ಗಂಡನದು ದಾರಿಯುದ್ದಕ್ಕೂ ಒಂದೇ ಮಾತು: ಗಾಡಿಯ ಚಕ್ರದ ಗುರುತು ಬಿಟ್ಟು ಕಾಲಿಡಬಾರದು. ಶುವೈಖಿನ ಗ್ಯಾರೇಜಿನಲ್ಲಿ ಅವರ ಜೊತೆ ಕೆಲಸ ಮಾಡುವ ಒಬ್ಬ ಭಾಯಿಗೆ ಒಂದು ಕಾಲಿಲ್ಲ. ಮರುಭೂಮಿಯಲ್ಲಿ ಟೆಂಟು ಹಾಕಲು ಹೋದಾಗ, ಹಳೆಯ ಯುದ್ಧದ ನೆಲಬಾಂಬು ಸಿಡಿದು ಹೋದದ್ದು. ಈಗ ಎಲ್ಲ ತೆಗೆದಾಗಿದೆ ಎನ್ನುತ್ತಾರೆ ಜನ. ಮಳೆಗೆ ಮರಳು ಜರುಗಿದರೆ ಒಂದೊಂದು ಮೇಲೆ ಬರುತ್ತದೆ ಎಂದೂ ಅವರೇ ಹೇಳುತ್ತಾರೆ.

ಗುಡ್ಡದ ಬುಡದಲ್ಲಿ ಕಾರಿನಿಂದ ಇಳಿದು ನಾನು ಸ್ವೆಟರಿನ ಗುಂಡಿ ಹಾಕಿ ತಲೆಯೆತ್ತುವಷ್ಟರಲ್ಲಿ ಮಗಳು ಪಕ್ಕದಲ್ಲಿಲ್ಲ. ಜನ ಹತ್ತುವ ದಾರಿ ಬಿಟ್ಟು, ಯಾರೂ ತುಳಿಯದ ಬಿಳಿಯ ಮೇಲೆ ಓಡಿ, ಇಳಿಜಾರಿನ ಆಚೆ ನಿಂತು ಕೈಬೀಸುತ್ತಿದ್ದಳು. ಅಲ್ಲಿ ಚಕ್ರದ ಗುರುತು ಒಂದೂ ಕಾಣುತ್ತಿರಲಿಲ್ಲ.

“ಅಲ್ಲೇ ನಿಲ್ಲು ಮಗಾ. ಒಂದು ಹೆಜ್ಜೆಯೂ ಇಡ್ಬೇಡ.”

ನನ್ನ ಸ್ವರ ಕೇಳಿ ಅವಳ ನಗು ನಿಂತಿತು. ಗಂಡ ಹೊರಟೇಬಿಟ್ಟಿದ್ದರು. ಅವರ ತೋಳು ಹಿಡಿದು ಹಿಂದಕ್ಕೆ ಎಳೆದೆ. ಅವಳ ಹೆಜ್ಜೆಗುರುತಿನ ಮೇಲೇ ಕಾಲಿಟ್ಟು ಹೋಗಬೇಕು, ಅವರ ಗ್ಯಾರೇಜು ಬೂಟೋ ಮೊರದಷ್ಟು ಅಗಲ.

“ನೀವು ಇಲ್ಲೇ ಇರಿ. ಅವಳಿಗೆ ಒಬ್ಬರಾದರೂ ಬೇಕಲ್ಲ ಮಾರಾಯ್ರೇ,” ಎಂದೆ.

ತುದಿಗಾಲಲ್ಲಿ ನಡೆದೆ. ಆದರೂ ನನ್ನ ಪಾದ ಅವಳ ಗುರುತಿನಿಂದ ಎರಡು ಬೆರಳು ಹೊರಗೆ ಚಾಚುತ್ತಿತ್ತು. ಅಷ್ಟು ಬಿಳಿ ಕರಕ್ಕೆಂದು ಮುರಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಅಂಥ ಹೆದರಿಕೆಯನ್ನು ನಾನು ಹೆರಿಗೆಯಲ್ಲೂ ಕಂಡಿಲ್ಲ. ಅವಳನ್ನು ಸೊಂಟಕ್ಕೆತ್ತಿಕೊಂಡು ಅದೇ ಗುರುತುಗಳಲ್ಲಿ ವಾಪಸು ಬಂದೆ. ಏನೂ ಆಗಲಿಲ್ಲ. ಯಾಕೆ ಬೈದೆ ಎಂದು ಅವಳು ಇಂಗ್ಲಿಷಿನಲ್ಲಿ ಕೇಳುತ್ತಲೇ ಇದ್ದಳು.

ಕಾರಿನಲ್ಲಿ ನನಗೆ ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು. ಇರಿ ಎಂದವಳು ನಾನೇ, ಆದರೂ ಹೇಳಿದ ಕೂಡಲೇ ನಿಂತುಬಿಟ್ಟರಲ್ಲ ಈ ಮನುಷ್ಯ! ಅವರು ಕೀಲಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು, ಗಾಡಿ ಹೊರಡಿಸಿರಲಿಲ್ಲ.

“ನೀನು ಹೋಗುವಾಗ ನಾನು ನೋಡ್ಲೇ ಇಲ್ಲ,” ಎಂದರು. “ಕಣ್ಣು ಮುಚ್ಚಿ ನಿಂತಿದ್ದೆ. ಸದ್ದು ಕೇಳ್ತದಾ ಅಂತ.”