ಸ್ಟೀರಿಂಗಿನ ಪಕ್ಕದ ಗೇರು

"ಈಗಿನ ಗಾಡಿಗಳಲ್ಲಿ ಗೇರು ಕೆಳಗೆ ಇರುತ್ತೆ ಶಿವಗಂಗಕ್ಕ, ಅದಕ್ಕೆ ಎಡಗೈನೇ ಬೇಕು. ನಂದು ಹಳೇ ಪಿಕಪ್ಪು. ಗೇರಿನ ಲಿವರ್ ಸ್ಟೀರಿಂಗಿನ ಪಕ್ಕದಲ್ಲೇ ಇದೆ. ಎಡಗೈ ಸತ್ರೇನು, ಬಲಗೈನ ಹೀಗೆ ದಾಟಿಸಿದ್ರೆ ಸಿಗುತ್ತೆ. ಅದರ ಬುಡದಲ್ಲಿರೋ ಬಳೆಯಂಥ ಬುಷ್ ಸವೆದು ಲಿವರ್ ಲೊಡಲೊಡ ಅಂತಿದೆ. ಒಂದನೇ ಗೇರು ಹಾಕಿದ್ರೆ ರಿವರ್ಸಿಗೆ ಬೀಳುತ್ತೆ. ಅದೊಂದು ಬಿಗಿಯಾಗ್ಲಿ, ಬಾಳೂರಿನ ಎಸ್ಟೇಟಿನ ಕೂಲಿ ಲೈನುಗಳಿಗೆ ಮೊದಲಿನ ಹಾಗೇ ತರಕಾರಿ, ಒಣಮೀನು ಹೊಡೀತೀನಿ. ಗಾಡಿ ಮಾರೋ ಮಾತು ಮಾತ್ರ ಯಾರೂ ಎತ್ತಬಾರ್ದು."

ಪಕ್ಕದ ಮನೆಯ ಯಾಕೂಬ್ ಇಷ್ಟು ಹೇಳುವಷ್ಟರಲ್ಲಿ ದಣಿದುಹೋದ. ಮಳೆಗಾಲದಲ್ಲಿ ಲಕ್ವ ಹೊಡೆದು ಅವನ ಎಡಭಾಗ ಬಿದ್ದುಹೋಗಿತ್ತು. ಕಾಲಿನ ವಿಷಯ ಅವನು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಹೆಂಡತಿ ಕರೀಮುನ್ನೀಸಾ ಸವೆದ ಬುಷ್ಷನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಮೂಡಿಗೆರೆಗೆ ಹೋಗಿ, ಲೇತಿನವನ ಹತ್ತಿರ ಅದೇ ಅಳತೆಗೆ ಹಿತ್ತಾಳೆಯದು ಮಾಡಿಸಿ ತಂದಳು. ಅವನು ಸ್ಪ್ಯಾನರ್ ತಿರುಗಿಸಿದರೆ ಅವಳು ಇನ್ನೊಂದು ಕೈಯಾಗಿ ಹಿಡಿದುಕೊಳ್ಳುತ್ತಿದ್ದಳು.

"ಅಲ್ಲಲ್ಲ, ಮೇಲೆ ಹಿಡಿ. ಲಟ್ಟಣಿಗೆ ಅಂದ್ಕೊಂಡ್ಯಾ?"

"ಲಟ್ಟಣಿಗೆ ಆಗಿದ್ರೆ ನಿಮಗೆ ಎರಡು ಬಿಡ್ತಿದ್ದೆ!"

ಗಾಡಿ ಕೊಳ್ಳಲು ಆಸೆಪಟ್ಟಿದ್ದ ಮಲ್ಲಂದೂರಿನ ಜೀಪ್ ಡ್ರೈವರ್ ಹಾಲೇಶ್ ಬಂದು ನಿಂತ. "ಯಾಕೂಬಣ್ಣ, ಸುಮ್ನೆ ಕೊಟ್ಬಿಡಿ. ಇಲ್ದಿದ್ರೆ ನಿಮ್ಮನ್ನೂ ಗಾಡಿನೂ ಒಟ್ಟಿಗೇ ಗುಜರಿಗೆ ಹಾಕ್ಬೇಕಾಗುತ್ತೆ."

"ನನ್ನಲ್ಲಿ ಕಬ್ಬಿಣ ಕಡಿಮೆ ಮಾರಾಯ, ಗುಜರಿಯವ್ನೂ ಒಯ್ಯಲ್ಲ."

ಹೊಸ ಬುಷ್ ಕೂತ ಮೇಲೆ, ಎಂಜಿನ್ ಶುರು ಮಾಡದೆಯೇ ಗೇರು ಹಾಕಿ ನೋಡಿದರೆ ಲಿವರ್ ಬೆಣ್ಣೆಯ ಹಾಗೆ ಜಾರಿತು. ಯಾಕೂಬ್ ನಕ್ಕ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕಿದ್ದನ್ನು ಅವತ್ತೇ ನಾನು ಕಂಡದ್ದು.

ಎಂಜಿನ್ ಶುರು ಮಾಡಿದ. ಎಡಗಾಲನ್ನು ಕೈಯಿಂದಲೇ ಎತ್ತಿ ಕ್ಲಚ್ಚಿನ ಮೇಲಿಟ್ಟು, ಮಂಡಿಯನ್ನು ಬಲಗೈಯಲ್ಲಿ ಅದುಮಿದ. ಕ್ಲಚ್ ಒಳಗೆ ಹೋಯಿತು. ಗೇರು ಹಾಕಲು ಅದೇ ಕೈ ಬೇಕಿತ್ತು. ಕೈ ತೆಗೆದ ಕೂಡಲೇ ಕಾಲು ಮೇಲೆ ಬಂತು, ಗೇರು ಕರಕರ ಎಂದಿತು. ಮತ್ತೆ ಅದುಮಿ, ಈ ಸಲ ಕೈಯನ್ನು ಸರಕ್ಕನೆ ಲಿವರಿಗೆ ಒಯ್ದ. ಗೇರು ಬಿತ್ತು. ಕ್ಲಚ್ಚು ಥಟ್ಟನೆ ಬಿಟ್ಟುಹೋಗಿ ಗಾಡಿ ಹಾರಿ ಬಚ್ಚಲಿನ ಗೋಡೆಗೆ ಗುದ್ದಿ ನಿಂತಿತು. ಗೇರಿನ ಕೆಲಸ ಮುಗಿದ ಮೇಲೆ ಆ ಗೋಡೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಕರೀಮುನ್ನೀಸಾ ಆಗತಾನೇ ಎದ್ದು ಈಚೆಗೆ ಬಂದಿದ್ದಳು. ಅವಳ ಪಾತ್ರೆಗಳು ಚಕ್ರದಡಿ ಅಪ್ಪಚ್ಚಿಯಾಗಿದ್ದವು.

ಯಾಕೂಬ್ ಆ ಪಾತ್ರೆಗಳನ್ನೇ ನೋಡುತ್ತ ಕುಳಿತ. ಆಮೇಲೆ ಕೀ ತೆಗೆದು ಹಾಲೇಶನ ಕಡೆ ಚಾಚಿದ.

"ತಗೋ. ಗೇರು ಸರಿಯಾಗಿದೆ."

ಹಾಲೇಶ ಎರಡೂ ಕೈಯಲ್ಲಿ ಕೀ ತೆಗೆದುಕೊಂಡ.

ಕರೀಮುನ್ನೀಸಾ ಗಂಡನನ್ನು ಇಳಿಸಿ ಜಗಲಿಯ ಮೇಲೆ ಕೂರಿಸಿದಳು. ಹಂಡೆಯಿಂದ ಬಿಸಿನೀರು ತಂದು, ಸೋಪಿನ ಪುಡಿ ಹಾಕಿ, ಊಟಕ್ಕೆ ಮುಂಚೆ ಅವನ ಬಲಗೈಯ ಗ್ರೀಸನ್ನು ಬೆರಳು ಬೆರಳಿಗೆ ಉಜ್ಜತೊಡಗಿದಳು.