ಕಾಕು ಅವರ ದ್ರಾಕ್ಷಿ ಹಂದರ

ಕಾಕು ಅವರ ಬಲಗೈಯ ಮಣಿಕಟ್ಟಿನಿಂದ ಮೊಣಕೈಯವರೆಗೆ ಹಸಿರು ಹಚ್ಚೆಯ ಹಕ್ಕಿಸಾಲು ಇತ್ತು. ಕುಣಿ ಕೊರೆಯುವ ಯಂತ್ರದ ಹಿಡಿಕೆ ಹಿಡಿದಾಗ ತೋಳು ಅದುರಿ, ಆ ಹಕ್ಕಿಗಳೆಲ್ಲ ಒಮ್ಮೆಲೇ ಹಾರಲು ಸಿದ್ಧವಾದಂತೆ ಕಾಣುತ್ತಿದ್ದವು. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನಾನು, ಅವರ ಕುರಿತು ತಿಳಿದಷ್ಟನ್ನು ವಿನಯಪೂರ್ವಕವಾಗಿ ನಿವೇದಿಸುತ್ತಿದ್ದೇನೆ. ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕು.

ಎಪ್ಪತ್ತರ ದಶಕದಲ್ಲಿ ನಾನು ಮರಾಠಿ ಸೀಮೆಯ ಓಝರ್ ಬಳಿಯ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಕಾರ್ಖಾನೆಯ ಕಾಲೋನಿಯಲ್ಲಿ ನನ್ನ ಪಕ್ಕದ ಮನೆಯವರು ಗದಗ ಕಡೆಯವರು. ಯಜಮಾನರು ಪಿಂಪಳಗಾಂವ್ ಬಸವಂತ್ ಸಮೀಪ ಜಮೀನು ಕೊಂಡು, ದ್ರಾಕ್ಷಿ ನೆಡುವ ಮೊದಲೇ ತೀರಿಕೊಂಡರು. ಅವರ ಪತ್ನಿಯನ್ನು ಕಾಲೋನಿಯ ಕನ್ನಡಿಗರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಕಾಕು ಅವರು ಊರಿಗೆ ಮರಳದೆ ತಾವೇ ಸಸಿ ನೆಟ್ಟರು. ಆ ಜಮೀನಿನಲ್ಲಿ ಪಾಲು ಹೊಂದಿದ್ದ ಅವರ ಅಣ್ಣನವರು ಗದಗದಿಂದ ಬಂದು ಷರತ್ತು ವಿಧಿಸಿದರು: ಜೂನ್ ಆರಂಭದ ಮಿರಗ ಮಳೆ ಹಿಡಿಯುವುದರೊಳಗೆ ಹಂದರದ ಕಂಬಗಳು ನಿಲ್ಲತಕ್ಕದ್ದು, ಇಲ್ಲವಾದರೆ ಜಮೀನು ಮಾರಿ ತಂಗಿಯನ್ನು ಕರೆದೊಯ್ಯಲಾಗುವುದು. ಕೊಳ್ಳುವವರನ್ನೂ ಅವರು ಗೊತ್ತು ಮಾಡಿದ್ದರು.

ಕೂಲಿಯಾಳುಗಳೆಲ್ಲ ಈರುಳ್ಳಿ ಪೇಟೆಯ ಕೆಲಸಕ್ಕೆ ಹೋಗಿದ್ದರು. ಆಗ ಕಾಕು ಅವರು, ಕಾಲೋನಿಗೆ ಬೇಲಿ ಹಾಕಿಸುತ್ತಿದ್ದ ಗುತ್ತಿಗೆದಾರರಿಂದ ಪೆಟ್ರೋಲಿನಲ್ಲಿ ನಡೆಯುವ ಕುಣಿ ಕೊರೆಯುವ ಯಂತ್ರವನ್ನು ಬೇಡಿ ತಂದರು. ಬಡಗಿ ತೂತು ಕೊರೆಯುವ ಗಿರಮಿಟ್ಟು ಆಳೆತ್ತರ ಬೆಳೆದಂತಿದ್ದ ಅದನ್ನು ಇಬ್ಬರು ಎರಡು ಕಡೆ ಹಿಡಿಯಬೇಕಿತ್ತು. ಒಂದು ಕಡೆ ಕಾಕು ಅವರು, ಇನ್ನೊಂದು ಕಡೆ ನಾನು.

ಹಾರೆಯಿಂದ ಕುಣಿ ತೋಡುವವರು ಹಿಂದಿನ ಸಂಜೆಯೇ ಗುರುತಿಗೆ ನೀರು ಹೊಯ್ದು ಎರೆಮಣ್ಣನ್ನು ಮೆದುಗೊಳಿಸುವುದು ವಾಡಿಕೆ. ಅದರಂತೆ ಕಾಕು ಅವರು ಮೊದಲ ಸಾಲುಗಳಿಗೆಲ್ಲ ಕೊಡಗಟ್ಟಲೆ ನೀರುಣಿಸಿದ್ದರು. ಯಂತ್ರ ಇಳಿದದ್ದೇ ತಡ, ಹಸಿ ಮಣ್ಣು ಸುರುಳಿಯ ಅಲಗಿಗೆ ಮೆತ್ತಿ ದಪ್ಪ ಉಂಡೆಯಾಯಿತು. ಯಂತ್ರ ಅರಚಿ ನಿಂತಿತು.

ಬದುವಿನ ಮೇಲೆ ಕುಳಿತಿದ್ದ ಅಣ್ಣನವರು ನಕ್ಕರು. "ತಂಗೀ, ಕುಣಿ ತೋಡಾಕ ಬಂದೀಯೋ, ಬೆಲ್ಲ ತಗ್ಯಾಕ ಬಂದೀಯೋ?"

"ನಗು ಅಣ್ಣಾ. ನಗಾಕ ಪೆಟ್ರೋಲ್ ಬೇಕಾಗಂಗಿಲ್ಲ," ಎಂದ ಕಾಕು ಅವರು ಕುಡುಗೋಲಿನಿಂದ ಮಣ್ಣು ಕೆರೆದು ನನ್ನ ಕಡೆ ತಿರುಗಿದರು. "ಹಾರಿಗೆ ನೀರು ಬೇಕು, ಇದಕ್ಕ ಬ್ಯಾಡ. ಈಗ ತಿಳೀತಲ್ರೀ. ಬರ್ರಿ, ನೀರು ಮುಟ್ಟದ ಸಾಲಿಗೆ ಹೋಗೂಣು."

ಒಣ ಸಾಲಿನಲ್ಲಿ ಯಂತ್ರವು ಮಣ್ಣನ್ನು ಪುಡಿಯಾಗಿ ಮೇಲಕ್ಕೆ ತಂದಿತು. ಗೇಣು ಇಳಿಸುವುದು, ಎತ್ತಿ ಕೊಡವುವುದು, ಮತ್ತೆ ಇಳಿಸುವುದು. ಎಮ್ಮೆಯೊಡನೆ ಮಾತಾಡುವಂತೆ ಅವರು ಯಂತ್ರದೊಡನೆಯೂ ಮಾತಾಡುತ್ತಿದ್ದರು: "ನಡಿಯವ್ವಾ, ಸಾವಕಾಶ. ಯಾರೂ ಬಡಿಯಂಗಿಲ್ಲ ನಿನ್ನ." ನೀರುಂಡ ಸಾಲುಗಳನ್ನು ಬಿಸಿಲಿಗೆ ಬಿಟ್ಟು ಕೊನೆಯಲ್ಲಿ ಕೊರೆಯುವುದೆಂದು ತೀರ್ಮಾನವಾಯಿತು.

ಕೊಳ್ಳುವವರು ಬರಬೇಕಿದ್ದ ದಿನ, ಮೋಡ ಕಟ್ಟುತ್ತಿರುವಾಗ, ನನ್ನ ಕೈಗಳು ಮರಗಟ್ಟಿ ಹಿಡಿಕೆ ಜಾರಿತು. ಯಂತ್ರ ಒಮ್ಮೆ ಗಿರಕಿ ಹೊಡೆಯಿತು. ಕಾಕು ಅವರು ಒಬ್ಬರೇ ತೂರಾಡಿ ಅದನ್ನು ತಡೆದು ನಿಲ್ಲಿಸಿದರು. ಬದುವಿನಿಂದ ಅಣ್ಣನವರು ಎದ್ದು ಬಂದರು. ಅಂಗಿಯ ತೋಳು ಮಡಚಿದರು.

"ಬಾಜೂಕ ಸರೀರಿ ಟೈಪಿಸ್ಟ್ ಸಾಹೇಬ್ರ. ಬೆರಳಿಗೆ ಏನರ ಆದ್ರ ನಾಳಿ ಆಫೀಸಿನ್ಯಾಗ ಏನ್ ಬಡೀತೀರಿ?"

ಅಂದು ಅಣ್ಣ-ತಂಗಿ ಉಳಿದ ಕುಣಿಗಳನ್ನು ಕೊರೆದರು. ನಾನು ಕಂಬಗಳನ್ನು ಹಿಡಿದು ನಿಲ್ಲಿಸಿದೆ. ಕೊಳ್ಳುವವರು ಬಂದಾಗ, ಮೈಯೆಲ್ಲ ಮಣ್ಣಾಗಿದ್ದ ಅಣ್ಣನವರು ಕಂಬವೊಂದಕ್ಕೆ ಒರಗಿ, ಜಮೀನು ಮಾರುವುದಿಲ್ಲವೆಂದು ಮರಾಠಿಯಲ್ಲಿ ತಿಳಿಸಿದರು. "ಜಾಗಾ ವಿಕಾಯಚೀ ನಾಹೀ." ಕಾಕು ಅವರು ಸೆರಗಿನಿಂದ ಯಂತ್ರ ಒರೆಸುತ್ತಿದ್ದರು. ಸಂಜೆ, ಸಾಲಾಗಿ ನಿಂತಿದ್ದ ಕಂಬಗಳ ಮೇಲೆಯೇ ಮಿರಗ ಮಳೆ ಸುರಿಯಿತು.

ಕಾಕು ಅವರು ಕಡೆಯವರೆಗೂ ಆ ತೋಟದಲ್ಲಿಯೇ ಬಾಳಿ, ಅಲ್ಲಿಯೇ ಕಣ್ಣು ಮುಚ್ಚಿದರು. ಮೊದಲ ಫಸಲಿನ ಬುಟ್ಟಿಗಳು ಪಿಂಪಳಗಾಂವ್ ಪೇಟೆಗೆ ಇಳಿದ ದಿನ ಅವರು ನನ್ನನ್ನೂ ಕರೆದೊಯ್ದಿದ್ದರು. ಈ ಗೃಹಸ್ಥರು ಯಾರೆಂದು ವ್ಯಾಪಾರಿಗಳು ಕೇಳಿದಾಗ, ಅವರು ನನ್ನ ಹೆಸರನ್ನಾಗಲೀ ಹುದ್ದೆಯನ್ನಾಗಲೀ ಹೇಳಲಿಲ್ಲ.

"ಇವ್ರು ನನ್ನ ಆ ಕಡೀ ಹಿಡಿಕಿ," ಎಂದರು.

ಸೇವಾವಧಿಯಲ್ಲಿ ನನಗೆ ಬಡ್ತಿಗಳು ಬಂದವು. ಇದಕ್ಕಿಂತ ದೊಡ್ಡ ಪದವಿ ಯಾವುದೂ ಬರಲಿಲ್ಲ.